ಬೇರೆಯವರ ಕೈಯ ಬೊಟ್ಟು

ಮಂದಾಕಿನಿಯ ಉಪವಾಸಗಳ ಬಗ್ಗೆ ಮನೆಯಲ್ಲಿ ಎಲ್ಲರಿಗೂ ಹೆಮ್ಮೆಯಿತ್ತು. ಧಾರವಾಡದ ಮಾಳಮಡ್ಡಿಯ ಆ ಮನೆಗೆ ಯಾರೇ ಬರಲಿ, ಅತ್ತೆ ಗೋದಾಬಾಯಿ ಮಾತನ್ನು ಹೇಗೋ ತಿರುಗಿಸಿ ಅಲ್ಲಿಗೆ ತಂದು ನಿಲ್ಲಿಸುತ್ತಿದ್ದರು.

"ನಮ್ಮ ಮಂದಾ ಲ್ಯಾಬಿನಾಗ ಕೆಲಸಾ ಮಾಡ್ತಾಳ ಖರೆ, ಆದ್ರ ಒಂದು ಸಂಕಷ್ಟಿ ಬಿಡಂಗಿಲ್ಲ ನೋಡ್ರಿ. ಏಕಾದಶಿ ದಿನ ಅಂತೂ ನೀರು ಸೈತ ಮುಟ್ಟಂಗಿಲ್ಲ. ಈಗಿನ ಕಾಲದಾಗ ಯಾರು ಮಾಡ್ತಾರ ಹೇಳ್ರಿ?"

ಮಂದಾಕಿನಿ ಒಳಗಿನಿಂದ ಚಹಾದ ಕಪ್ಪುಗಳನ್ನು ತಂದಿಟ್ಟು ಸುಮ್ಮನೆ ನಗುತ್ತಿದ್ದಳು. ಹೊಟ್ಟೆ ನೋಯುವ ದಿನ ಅವಳು ಮನಸ್ಸಿನಲ್ಲೇ ಪಂಚಾಂಗ ತೆರೆಯುತ್ತಾಳೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಸೋಮವಾರವಾದರೆ ಈಶ್ವರ, ಗುರುವಾರವಾದರೆ ರಾಯರು, ಶನಿವಾರವಾದರೆ ವೆಂಕಟರಮಣ. ಯಾವುದೂ ಹೊಂದದಿದ್ದರೆ ಎಂದೋ ಹೊತ್ತ ಹರಕೆ. ದೇವರಿಗೆ ಮೀಸಲಾಗದ ದಿನ ಎಂಬುದೇ ಇಲ್ಲ. ಹುಡುಕುವ ತಾಳ್ಮೆ ಬೇಕು, ಅಷ್ಟೇ. ಉಪವಾಸವಿದ್ದ ಹೆಂಗಸನ್ನು ಯಾಕೆ ಊಟ ಮಾಡಲಿಲ್ಲ ಎಂದು ಯಾರೂ ಕೇಳುವುದಿಲ್ಲ. ಮುಖ ಬಾಡಿದರೆ ಕೇಳುವುದಿಲ್ಲ, ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಮಲಗಿದರೂ ಕೇಳುವುದಿಲ್ಲ. ಮನೆಯಲ್ಲಿ ಹೆಂಗಸಿಗೆ ಸಿಗುವ ಅತ್ಯಂತ ಗೌರವದ ರಜೆ ಅದು.

ಹಿಂದೊಮ್ಮೆ ಎರಡು ವರ್ಷಗಳ ಕಾಲ ಅವಳ ದೊಡ್ಡ ಕರುಳಿನಲ್ಲಿ ಹುಣ್ಣುಗಳಾಗಿದ್ದವು. ರಕ್ತಭೇದಿ, ಜ್ವರ, ಇಳಿದುಹೋದ ಮೈ. ಅದೆಲ್ಲ ಈಗ ಅವಳಿಗೆ ಅಷ್ಟಾಗಿ ನೆನಪಿಗೆ ಬರುವುದಿಲ್ಲ. ನೆನಪಿಗೆ ಬರುವುದು ಬಚ್ಚಲಮನೆಯ ಬಾಗಿಲಾಚೆ ನಿಂತ ಗಂಡನ ದನಿ. "ಎಷ್ಟನೇ ಸಲ, ಮಂದಾ?" ಪ್ರಲ್ಹಾದ ಒಳ್ಳೆಯ ಗಂಡ. ಪ್ರೀತಿಯಿಂದಲೇ ಕೇಳುತ್ತಿದ್ದ, ಡಾಕ್ಟರಿಗೆ ಹೇಳಬೇಕೆಂದು ಕೇಳುತ್ತಿದ್ದ. ಅತ್ತೆ ಅಡಿಗೆಮನೆಯನ್ನು ತಮ್ಮ ವಶಕ್ಕೆ ತೆಗೆದುಕೊಂಡು ಅವಳಿಗೆಂದು ಬೇರೆಯೇ ಮೆತ್ತನೆಯ ಅನ್ನ ಮಾಡುತ್ತಿದ್ದರು. ನೆಂಟರು ಫೋನಿನಲ್ಲಿ ಅವಳ ಕ್ಷೇಮ ಕೇಳುವ ಮೊದಲು ಅವಳ ಮಲದ ಕ್ಷೇಮ ಕೇಳುತ್ತಿದ್ದರು. ತನ್ನ ಮೈ ಮನೆಮಂದಿಯ ಸುದ್ದಿಯಾಗಿ ಹೋಗಿದ್ದ ಆ ದಿನಗಳಿಂದ ಅವಳು ಎದ್ದು ಬಂದದ್ದೇ ದೊಡ್ಡ ಕಥೆ. ಹುಣ್ಣು ಮಾಯ್ದವು. ಅಡಿಗೆಮನೆ ಮರಳಿ ಸಿಕ್ಕಿತು. ಆಮೇಲೆ ಹಲವು ವರ್ಷ ಏನೂ ಇರಲಿಲ್ಲ.

ಈಗ ಅದು ಮತ್ತೆ ಬಂದಿತ್ತು. ಈ ಸಲ ಅವಳು ಯಾರಿಗೂ ಹೇಳಲಿಲ್ಲ.

*

ಅವಳು ಕೆಲಸ ಮಾಡುತ್ತಿದ್ದುದು ಊರಾಚೆಯ ಒಂದು ಸಂಶೋಧನಾಲಯದಲ್ಲಿ, ಜೀವಕೋಶಗಳನ್ನು ಬೆಳೆಸುವ ಕೋಣೆಯ ಮೇಲ್ವಿಚಾರಕಿಯಾಗಿ. ಅಲ್ಲಿಯ ಹೆಮ್ಮೆಯೆಂದರೆ ಬೊಟ್ಟು.

ಕರುಳಿನಲ್ಲಿ ಉರಿಯೂತ ಎದ್ದರೆ ರಕ್ತಕ್ಕೆ ಅದರ ಸುಳಿವು ಸಿಗುತ್ತದೆ. ಯಕೃತ್ತು ಸಿಆರ್‌ಪಿ ಎಂಬ ಒಂದು ಪ್ರೋಟೀನನ್ನು ಹೆಚ್ಚು ಬಿಡುತ್ತದೆ, ಬಿಳಿಯ ರಕ್ತಕಣಗಳು ಕೆರಳುತ್ತವೆ. ಇವನ್ನು ಅಳೆದು ರೋಗ ಮಲಗಿದೆಯೋ ಎದ್ದಿದೆಯೋ ಎಂದು ಡಾಕ್ಟರರು ತಿಳಿಯುತ್ತಾರೆ. ಆದರೆ ಎಲ್ಲರ ರಕ್ತವೂ ಹೀಗೆ ನಿಜ ಹೇಳುವುದಿಲ್ಲ. ಕರುಳು ಕೊಳೆಯುತ್ತಿದ್ದರೂ ಕೆಲವರ ಸಿಆರ್‌ಪಿ ಮೇಲೇಳುವುದೇ ಇಲ್ಲ. ಅಂಥವರಿಗಾಗಿ ಘಟಕದ ಮುಖ್ಯಸ್ಥ ಡಾಕ್ಟರ್ ಕೊಪ್ಪದ ಅವರು ಬಿಳಿಯ ರಕ್ತಕಣಗಳ ಒಂದು ಹೊಸ ತಳಿ ಬೆಳೆಸಿದ್ದರು. ಅದನ್ನು ಹಚ್ಚೆಯ ಹಾಗೆ ಮುಂಗೈಯ ಒಳಭಾಗಕ್ಕೆ ಚುಚ್ಚಿದರೆ ತೊಗರಿಬೇಳೆಯಷ್ಟು ಹಸಿರು ಬೊಟ್ಟಾಗಿ ನಿಲ್ಲುತ್ತದೆ. ರಕ್ತದಲ್ಲಿ ಉರಿಯೂತದ ಸಣ್ಣ ವಾಸನೆ ಬಂದರೂ ಸಾಕು, ಬೊಟ್ಟು ಕಂದು ಬಣ್ಣಕ್ಕೆ ತಿರುಗುತ್ತದೆ. ಹೆಚ್ಚಾದರೆ ಕುಂಕುಮದ ಕೆಂಪು. ಮೊದಲ ವರ್ಷ ಅದು ಒಮ್ಮೆಯೂ ತಪ್ಪಲಿಲ್ಲ. ರೋಗಿಗಿಂತ ಮೊದಲು, ಡಾಕ್ಟರರಿಗಿಂತ ಮೊದಲು ಬೊಟ್ಟು ಹೇಳುತ್ತಿತ್ತು. ಹುಬ್ಬಳ್ಳಿ ಧಾರವಾಡದ ನಲವತ್ತು ಚಿಲ್ಲರೆ ರೋಗಿಗಳ ಕೈಮೇಲೆ ಅದಿತ್ತು, ಹೆಚ್ಚಿನವರು ಹೆಂಗಸರು.

ಆ ತಳಿ ಬೆಳೆಸಲು ರೋಗವನ್ನು ಒಮ್ಮೆ ಕಂಡು ಗೆದ್ದ ರಕ್ತ ಬೇಕಾಗಿತ್ತು. ಕೊಟ್ಟವಳು ಮಂದಾಕಿನಿ. ಕೊಪ್ಪದರ ಹೊರತು ಇದು ಯಾರಿಗೂ ಗೊತ್ತಿರಲಿಲ್ಲ. ದಾನಿ ಆರೋಗ್ಯವಾಗಿರಬೇಕು ಎಂಬ ನಿಯಮವಿದ್ದುದರಿಂದ ಆಗೀಗ ಅವಳ ರಕ್ತ ಪರೀಕ್ಷೆಯಾಗುತ್ತಿತ್ತು. ಅವಳ ಸಿಆರ್‌ಪಿ ಯಾವಾಗಲೂ ಇಷ್ಟೇ ಇಷ್ಟು. ನಿಜ ಹೇಳದ ರಕ್ತದ ಜಾತಿಗೆ ಸೇರಿದವಳು ಅವಳೂ.

ಶ್ರಾವಣ ಬರುತ್ತಿದ್ದಂತೆ ಬೊಟ್ಟುಗಳು ವಿಚಿತ್ರವಾಗಿ ನಡೆದುಕೊಳ್ಳತೊಡಗಿದವು. ಒಬ್ಬರದಲ್ಲ, ಎಲ್ಲರದೂ. ಒಂದೇ ದಿನ, ಒಂದೇ ಹೊತ್ತಿಗೆ ಕೆಂಪಾಗುತ್ತಿದ್ದವು. ಹಳಿಯಾಳದ ರಸ್ತೆಯಲ್ಲಿರುವವಳದೂ ಕೇಶ್ವಾಪುರದಲ್ಲಿರುವವಳದೂ ಕೂಡಿಯೇ ಕೆಂಪಾಗಿ ಕೂಡಿಯೇ ಇಳಿಯುತ್ತಿದ್ದವು. ಫೋನು ಮಾಡಿ ಕೇಳಿದರೆ ಯಾರಿಗೂ ನೋವಿಲ್ಲ, ಏನೂ ಇಲ್ಲ.

ಅಂಕಿಅಂಶ ನೋಡಿಕೊಳ್ಳುವ ಜಯಶೀಲಾ ಒಂದು ಬೆಳಿಗ್ಗೆ ಕೆಂಪಾದ ದಿನಗಳನ್ನೆಲ್ಲ ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ನಿನಿಂದ ಸುತ್ತುತ್ತ ಹೋದವಳು ನಡುವೆ ನಿಂತುಬಿಟ್ಟಳು.

"ಅಯ್ಯ, ಸರ್! ಇಲ್ಲಿ ನೋಡ್ರಿ. ಇದು ಸಂಕಷ್ಟಿ. ಇದು ಏಕಾದಶಿ. ಇದು ಶ್ರಾವಣ ಸೋಮವಾರ. ಇದು ಗುರುವಾರ, ಇದೂ ಗುರುವಾರ. ಒಂದರ ಉಪವಾಸ ಇಲ್ಲದ ದಿನ ಕೆಂಪಾಗೇತೇನ್ರಿ?"

ಕೊಪ್ಪದರು ಚಷ್ಮಾ ಮೇಲೇರಿಸಿ ನೋಡಿ ತೊಡೆ ತಟ್ಟಿದರು. "ಸಿಕ್ತು! ನಮ್ಮ ಮಂದಿ ಹೊಟ್ಟಿ ಹುಣ್ಣಾದ್ರೂ ಉಪವಾಸ ಬಿಡಂಗಿಲ್ಲ. ಖಾಲಿ ಹೊಟ್ಟಿ ಉರೀತೈತಿ, ಬೊಟ್ಟು ಹೇಳ್ತೈತಿ. ಎಲ್ಲಾರಿಗೂ ಹೇಳಿಬಿಡ್ರಿ, ಇನ್ನ ಮ್ಯಾಲೆ ಯಾವ ವ್ರತಾನೂ ಮಾಡಬಾರದು ಅಂತ." ಮತ್ತೆ ಮಂದಾಕಿನಿಯ ಕಡೆ ತಿರುಗಿ, "ನಿಮಗೂ ಸೇರಿಸೇ ಹೇಳಾಕತ್ತೀನ್ರಿ ಬಾಯಾರ. ನೀವೂ ಭಾರೀ ಉಪವಾಸ ಮಾಡ್ತೀರಂತಲ್ಲ," ಎಂದು ನಕ್ಕರು.

ಅವಳೂ ನಕ್ಕಳು. ಅವಳ ಕಣ್ಣು ಕ್ಯಾಲೆಂಡರಿನ ವೃತ್ತಗಳ ಮೇಲೆ ಒಂದೊಂದಾಗಿ ಇಳಿಯುತ್ತಿತ್ತು. ಆ ಸಂಕಷ್ಟಿಯ ದಿನ ಅವಳು ಮಧ್ಯಾಹ್ನವೇ ಮನೆಗೆ ಹೋಗಿದ್ದಳು. ಆ ಗುರುವಾರ ಬಸ್ಸಿನಲ್ಲಿ ನಿಲ್ಲಲಾಗದೆ ಕೆಳಗೆ ಕುಳಿತಿದ್ದಳು. ಆ ಸೋಮವಾರ ರಕ್ತ ಕಂಡಿತ್ತು. ಅವು ದೇವರ ದಿನಗಳಲ್ಲ, ಅವಳ ದಿನಗಳು. ಒಂದೂ ಬಿಟ್ಟಿರಲಿಲ್ಲ, ಒಂದೂ ಹೆಚ್ಚಿರಲಿಲ್ಲ.

*

ನಂಬಲು ಅವಳಿಗೆ ಇಷ್ಟವಿರಲಿಲ್ಲ. ನಂಬದೆ ಇರಲು ದಾರಿ ಹುಡುಕುತ್ತ ಇನ್ನೊಂದು ವಾರ ಕಳೆದಳು.

ತಳಿಯ ಮೂಲ ಕೋಶಗಳು ಒಂದು ಚಪ್ಪಟೆ ಸೀಸೆಯಲ್ಲಿ, ಮೈಯಷ್ಟೇ ಬಿಸಿಯಿರುವ ಉಕ್ಕಿನ ಪೆಟ್ಟಿಗೆಯೊಳಗೆ ಇರುತ್ತಿದ್ದವು. ಕೋಣೆಯವರು ಅದನ್ನು ತಾಯಿ ಸೀಸೆ ಎನ್ನುತ್ತಿದ್ದರು. ಅದಕ್ಕೆ ಯಾವ ರಕ್ತದ ಸಂಪರ್ಕವೂ ಇಲ್ಲ. ಸಕ್ಕರೆ ಉಪ್ಪುಗಳ ತಿಳಿನೀರು ಮಾತ್ರ. ಅದು ಕೆಂಪಾಗಲು ಕಾರಣವೇ ಇಲ್ಲ.

ಒಂದು ಮಂಗಳವಾರ ಊಟದ ಬಿಡುವಿನಲ್ಲಿ ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದಾಗ ಹೊಟ್ಟೆಯ ಎಡಭಾಗದಲ್ಲಿ ಅದು ಶುರುವಾಯಿತು. ಮಂದಾಕಿನಿ ಮೇಜಿನ ಅಂಚು ಹಿಡಿದುಕೊಂಡು ಪೆಟ್ಟಿಗೆಯ ಹತ್ತಿರ ಹೋಗಿ ಹೊರಬಾಗಿಲು ತೆರೆದಳು. ಒಳಗಿನ ಗಾಜಿನ ಬಾಗಿಲಾಚೆ ತಾಯಿ ಸೀಸೆ ಹಸಿರಾಗಿ ಮಲಗಿತ್ತು. ನೋವು ಏರಿತು. ಸೀಸೆಯ ತಳದಲ್ಲಿ ಒಂದು ಕಂದು ಎಳೆ ಕಾಣಿಸಿತು. ಅವಳು ನೋಡುತ್ತಿದ್ದ ಹಾಗೇ ಅದು ಹರಡಿ ಇಡೀ ಸೀಸೆ ಕುಂಕುಮದ ನೀರಾಯಿತು. ಅವಳು ಉಸಿರು ಹಿಡಿದು ಬಾಗಿದಳು. ನೋವು ಇಳಿಯಿತು. ಬಣ್ಣವೂ ಇಳಿಯಿತು. ಮತ್ತೆ ಏರಿತು. ಮತ್ತೆ ಏರಿತು.

ಹೀಗಾಗಲು ಸಾಧ್ಯವಿಲ್ಲ ಎಂದು ಅವಳಿಗೆ ಗೊತ್ತಿತ್ತು. ರಕ್ತದ ಸುಳಿವುಗಳು ಏರಲು ಗಂಟೆಗಳು ಬೇಕು, ಇಳಿಯಲು ದಿನಗಳು. ಇದು ಉಸಿರಿನ ಹಾಗೆ ಆಡುತ್ತಿತ್ತು. ಉಕ್ಕು, ಗಾಜು ಯಾವುದೂ ಅದಕ್ಕೆ ಅಡ್ಡವಾಗಿರಲಿಲ್ಲ. ಎಂದೋ ಮೈಬಿಟ್ಟು ಹೋದ ಕೆಲವು ಹನಿ ರಕ್ತ ಇನ್ನೂ ಮೈಯೊಳಗೇ ಇದ್ದಂತೆ ಕೇಳಿಸಿಕೊಳ್ಳುತ್ತಿತ್ತು. ಅವಳ ರಕ್ತನಾಳಗಳಲ್ಲಿ ಹರಿಯುವ ರಕ್ತ ಬಾಯಿ ಮುಚ್ಚಿಕೊಂಡಿತ್ತು. ಹೊರಗೆ ಹೋದದ್ದು ಮಾತಾಡುತ್ತಿತ್ತು.

ಅವಳಿಗೆ ಮೊದಲು ಅನಿಸಿದ್ದು ಭಯವಲ್ಲ, ನಾಚಿಕೆ. ಈ ಗಳಿಗೆಯಲ್ಲಿ ಗುರುತಿಲ್ಲದ ನಲವತ್ತು ಮನೆಗಳಲ್ಲಿ ಯಾರೋ ರೊಟ್ಟಿ ಬಡಿಯುತ್ತ, ಯಾರೋ ಮಗುವಿನ ತಲೆ ಬಾಚುತ್ತ, ತಮ್ಮ ಕೈಮೇಲೆ ಅವಳ ಕರುಳನ್ನು ನೋಡುತ್ತಿದ್ದಾರೆ.

*

ಶಮೀಮ್ ಹಳೇ ಹುಬ್ಬಳ್ಳಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಮೂವತ್ತರ ಆಸುಪಾಸು. ತಪಾಸಣೆಗೆ ಬಂದಾಗಲೆಲ್ಲ ಶಾಲೆಯ ಹುಡುಗರ ನಕಲು ಮಾಡಿ ಕೋಣೆಯವರನ್ನೆಲ್ಲ ನಗಿಸುವವಳು. ಅಂದು ಬಂದವಳು ಕುರ್ಚಿಯ ಮೇಲೆ ಕುಳಿತು ಸುಮ್ಮನೆ ಕೈ ಚಾಚಿದಳು. ಬೊಟ್ಟು ಗಾಢ ಕೆಂಪಾಗಿತ್ತು.

"ಉಪವಾಸ ಮಾಡಬ್ಯಾಡ ಅಂತ ಫೋನ್ ಮಾಡಿದ್ರಲ್ಲ ಅಕ್ಕಾರ, ನಾ ಏಕಾದಶಿ ಎಲ್ಲಿಂದ ಮಾಡ್ಲಿ?" ಎಂದಳು. "ನಮ್ಮ ರಮ್ಜಾನ್ ಬರೂದು ಇನ್ನೂ ದೂರ ಐತಿ."

"ಹೊಟ್ಟೆ ನೋಯ್ತದೇನು?"

"ಇಲ್ರಿ. ಅದನ್ನ ಹೇಳಿ ಹೇಳಿ ನನ್ನ ಬಾಯಿ ನೋಯಾಕತ್ತೈತಿ. ಚಲೋ ಊಟ ಮಾಡ್ತೀನಿ, ಮೈ ತುಂಬೈತಿ, ಬ್ಲೌಸ್ ಬಿಗಿ ಆಗ್ಯಾವು. ಯಾರೂ ನಂಬಂಗಿಲ್ಲ. ನಮ್ಮನಿಯವರು ಬೆಳಿಗ್ಗೆ ಎದ್ದಕೂಡ್ಲೇ ನನ್ನ ಮುಖ ನೋಡಂಗಿಲ್ಲ, ಕೈ ನೋಡ್ತಾರ. ಅಳಾಕತ್ತಾರ." ಅವಳು ಸೆರಗಿನ ತುದಿಯಿಂದ ಬೊಟ್ಟನ್ನು ಮುಚ್ಚಿದಳು. "ಎಲ್ಲಾ ಔಷಧ ಮುಗದ್ವು ಅಂತ. ಇನ್ನ ದೊಡ್ಡ ಕರಳ ಪೂರಾ ತಗೀತಾರಂತ. ಹೊಟ್ಟಿಗೆ ತೂತು ಮಾಡಿ ಚೀಲ ಕಟ್ಟತಾರಂತ. ಬರೂ ವಾರ ಆಪರೇಷನ್."

"ಒಳಗ ಕೆಮರಾ ಹಾಕಿ ನೋಡಿಲ್ಲೇನು?"

"ನೋಡ್ಯಾರ. ಹಳೇ ಕಲೆ ಅದಾವು, ಹೊಸಾವೋ ಹಳೇವೋ ಹೇಳಾಕ ಬರಂಗಿಲ್ಲ, ಬೊಟ್ಟು ಅಂತೂ ಸುಳ್ಳ ಹೇಳಂಗಿಲ್ಲ ಅಂತಾರ. ನಾ ಹೆದರಿ ನೋವು ಮುಚ್ಚಿಡಾಕತ್ತೀನಂತ." ಅವಳು ನಕ್ಕಳು, ನಗು ಅರ್ಧಕ್ಕೇ ನಿಂತಿತು. "ಹಂಗ ಮುಚ್ಚಿಡಾಕ ಯಾರಿಗರ ಆಗ್ತೈತೇನ್ರಿ?"

ಮಂದಾಕಿನಿ ಆಪರೇಷನ್ನಿನ ದಿನ ಯಾವುದೆಂದು ಕೇಳಿದಳು. ಆ ದಿನ ಏಕಾದಶಿ ಬೀಳುತ್ತಿತ್ತು.

ಶಮೀಮ್ ಹೋದ ಮೇಲೆ ಅವಳು ಕೊಪ್ಪದರ ಕೋಣೆಗೆ ಹೋಗಿ ತಾಯಿ ಸೀಸೆಗೆ ಏನೋ ಸೋಂಕು ತಗುಲಿದ ಹಾಗಿದೆ, ಎಲ್ಲ ಬೊಟ್ಟುಗಳನ್ನೂ ತಾತ್ಕಾಲಿಕವಾಗಿ ನಂಬಬಾರದು ಎಂದು ಹೇಳಿದಳು. ತನ್ನ ಹೆಸರು ಬರದೆಯೇ ಶಮೀಮಳ ಕರುಳು ಉಳಿಯುವ ದಾರಿ ಅದೊಂದೇ ಎಂದುಕೊಂಡಿದ್ದಳು. ಕೊಪ್ಪದರು ತಾವೇ ಕುಳಿತು ಪರೀಕ್ಷೆ ಮಾಡಿಸಿದರು. ಸೀಸೆ ಶುದ್ಧವಾಗಿತ್ತು.

"ಒಂದ ಮಾತು ಕೇಳಬೇಕು ಬಾಯಾರ," ಎಂದರು. "ದಾನಿ ಅಂತೂ ಆರಾಮ ಅದಾರಲ್ಲ?"

ಬಾಗಿಲು ಮುಚ್ಚಿತ್ತು. ಕೇಳಿದವರು ಒಬ್ಬರೇ. ಅವಳು ಬಾಯಿ ತೆರೆದಳು. ಬಚ್ಚಲಮನೆಯ ಬಾಗಿಲಾಚೆಯ ದನಿ ಕೇಳಿಸಿತು.

"ಆರಾಮ ಅದಾಳ," ಎಂದಳು.

*

ಆಪರೇಷನ್ನಿಗೆ ಮಧ್ಯಾಹ್ನದ ಸರದಿ. ಏಕಾದಶಿಯ ಬೆಳಿಗ್ಗೆ ಅತ್ತೆ ದೇವರ ಮುಂದೆ ಕುಳಿತವರು, ಅವಳು ಚಪ್ಪಲಿ ಮೆಟ್ಟುವುದನ್ನು ನೋಡಿ, "ಇವತ್ತರ ರಜಾ ಹಾಕಬಾರದ? ನೀರೂ ಕುಡೀದೇ ಆ ಬಸ್ಸಿನಾಗ ಹೆಂಗ ಹೋಗ್ತೀ? ನಿನ್ನ ಪುಣ್ಯೇಲೆ ಈ ಮನಿ ನಿಂತದ ನೋಡು," ಎಂದರು.

ಮಂದಾಕಿನಿ ಹಿಂದಿನ ಇರುಳು ನಿದ್ದೆ ಮಾಡಿರಲಿಲ್ಲ. ಹೇಳುವುದೆಂದು ನಿರ್ಧರಿಸಿದ್ದಳು, ಹೇಗೆ ಎಂಬುದು ತಿಳಿದಿರಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯ ವಾರ್ಡಿನಲ್ಲಿ ಶಮೀಮ್ ಹಸಿರು ಅಂಗಿ ತೊಟ್ಟು ಮಂಚದ ಮೇಲೆ ಕುಳಿತಿದ್ದಳು. ಪಕ್ಕದಲ್ಲಿ ಅವಳ ತಾಯಿ, ತೊಡೆಯ ಮೇಲೆ ಬುತ್ತಿ. ಬಾಗಿಲ ಹತ್ತಿರ ಕೊಪ್ಪದರು ಮತ್ತು ಸರ್ಜನ್ ಮಾತಾಡುತ್ತಿದ್ದರು.

"ಸರ್," ಎಂದಳು ಮಂದಾಕಿನಿ. "ರೋಗ ಇರೋದು ಇವಳಿಗಲ್ಲ. ನನಗ. ಬೊಟ್ಟು ನನ್ನ ಹೊಟ್ಟೆ ತೋರಸ್ತದ."

ಕೊಪ್ಪದರು ಮೊದಲು ಸಿಟ್ಟಾದರು, ಆಮೇಲೆ ಕರುಣೆ ತೋರಿಸಿದರು. ಅಲ್ಲೇ ಅವಳ ರಕ್ತ ತೆಗೆದು ನೋಡಿಸಿದರು. ಸಿಆರ್‌ಪಿ ಎಂದಿನಂತೆ ಇಷ್ಟೇ ಇಷ್ಟು.

"ನೀವು ದಣದೀರಿ," ಎಂದರು. "ಪೇಷಂಟನ್ನ ಭಾಳ ಹಚಗೊಂಡೀರಿ. ಮನಿಗೆ ಹೋಗ್ರಿ."

ಈಚೆಗೆ ದಿನವೂ ಬರತೊಡಗಿದ್ದ ನೋವು ಅಂದೇ ಬರಲಿಲ್ಲ. ಖಾಲಿ ಹೊಟ್ಟೆ ಸುಮ್ಮನೆ ಬಿದ್ದುಕೊಂಡಿತ್ತು. ಶಮೀಮಳ ಬೊಟ್ಟು ಮಂದ ಕಂದು ಬಣ್ಣದಲ್ಲಿ ನಿಂತಿತ್ತು. ಕಾರಿಡಾರಿನ ಕೊನೆಯಲ್ಲಿ ಸ್ಟ್ರೆಚರಿನ ಗಾಲಿ ಸದ್ದು ಕೇಳಿಸಿತು. ಯಾವ ನೋವನ್ನು ಇಷ್ಟು ತಿಂಗಳು ಹಲ್ಲು ಕಚ್ಚಿ ಒಳಗೇ ಒತ್ತಿ ಇಟ್ಟಿದ್ದಳೋ ಅದನ್ನು ಅವಳು ಈಗ ಕರೆಯಬೇಕಾಗಿತ್ತು.

ಅವಳು ಶಮೀಮಳ ತಾಯಿಯ ಮುಂದೆ ಹೋಗಿ ನಿಂತಳು. "ಅಮ್ಮಾ, ಬುತ್ತಿಯೊಳಗ ಏನದ?"

ಮುದುಕಿ ಗಾಬರಿಯಾದಳು. "ರೊಟ್ಟಿ ಅದಾವ್ರಿ. ರಂಜಕ ಐತಿ."

"ಕೊಡ್ರಿ."

ಕೆಂಪು ಮೆಣಸಿನಕಾಯಿ ಅರೆದು ಹುಳಿ ಬರಿಸಿದ ರಂಜಕ. ಖಾರದಿಂದ ರೋಗ ಬರುವುದಿಲ್ಲ. ಆದರೆ ಹುಣ್ಣಾದ ಕರುಳಿನ ದಾರಿಯಲ್ಲಿ, ಅದೂ ನೀರು ಸಹ ಕಾಣದ ಹೊಟ್ಟೆಯಲ್ಲಿ, ಅದು ಸುಮ್ಮನೆ ಇಳಿಯುವುದಿಲ್ಲ. ಅವಳು ರೊಟ್ಟಿಯ ಮೇಲೆ ಬಳಿದು ಬಳಿದು ತಿಂದಳು. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು.

"ಬಾಯಾರ, ಇವತ್ತ ಏಕಾದಶಿ ಅಲ್ಲೇನ್ರಿ?" ಎಂದರು ಕೊಪ್ಪದರು, ಬೇರೇನು ಹೇಳಬೇಕೆಂದು ತಿಳಿಯದೆ.

"ಹೌದ್ರಿ," ಎಂದು ಅವಳು ಇನ್ನೊಂದು ತುತ್ತು ನುಂಗಿದಳು. ಆಮೇಲೆ ಮಂಚಕ್ಕೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ನಿಂತಳು. "ನಾ ಅವಳ ಕೈ ನೋಡೂದಿಲ್ಲ. ನೀವು ನೋಡ್ರಿ."

ಸ್ಟ್ರೆಚರು ಬಂದು ನಿಂತಿತು. ಸರ್ಜನ್ ಗಡಿಯಾರ ನೋಡಿದರು. ಎಷ್ಟೋ ಹೊತ್ತಿನ ಮೇಲೆ ಮಂದಾಕಿನಿ ಗೋಡೆಗೆ ಹಣೆ ಹಚ್ಚಿದಳು.

"ಬಂತು," ಎಂದಳು.

ಹಿಂದಿನಿಂದ ಶಮೀಮಳ ತಾಯಿ "ಯಾ ಅಲ್ಲಾ" ಎಂದದ್ದು ಕೇಳಿಸಿತು.

"ಹೋತು... ಮತ್ತ ಬಂತು. ಹೆಚ್ಚಾತು." ಅವಳು ಗೋಡೆ ಹಿಡಿದೇ ಕೆಳಗೆ ಜಾರಿದಳು. ನೆಲದ ಮೇಲೆ ಕುಳಿತೇ ಹೇಳಿದಳು. "ಇನ್ನೂ ಅದ. ಇನ್ನೂ ಅದ. ಈಗ ಹೋತು."

ತಿರುಗಿ ನೋಡಿದಾಗ ಕೊಪ್ಪದರು ಶಮೀಮಳ ಮುಂಗೈಯನ್ನು ಎರಡೂ ಕೈಯಿಂದ ಹಿಡಿದಿದ್ದರು. ಅವರ ಮುಖ ಬಿಳಿಚಿತ್ತು. ಶಮೀಮ್ ಬೊಟ್ಟನ್ನು ನೋಡುತ್ತಿರಲಿಲ್ಲ. ಕೋಣೆಯಲ್ಲಿ ಅವಳೊಬ್ಬಳೇ ಮಂದಾಕಿನಿಯ ಮುಖ ನೋಡುತ್ತಿದ್ದಳು.

ಸ್ಟ್ರೆಚರು ಖಾಲಿಯೇ ಹಿಂದಿರುಗಿತು.

*

ಮನೆಯಲ್ಲಿ ಪ್ರಲ್ಹಾದ ಕೇಳಿದ್ದು ಒಂದೇ. "ನನಗ್ಯಾಕ ಹೇಳಲಿಲ್ಲ, ಮಂದಾ?" ಅದಕ್ಕೆ ಉತ್ತರ ಹೇಳಲು ಹೋದರೆ ಅವನ ಒಳ್ಳೆಯತನವನ್ನೇ ದೂರಬೇಕಾಗುತ್ತಿತ್ತು.

ಅತ್ತೆಗೆ ರೋಗದ ಸುದ್ದಿಗಿಂತ ಬೇರೆಯದೇ ನೋವಾಗಿತ್ತು. ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಹತ್ತಿರ ಬಂದು ಕುಳಿತರು.

"ಅಷ್ಟೂ ಏಕಾದಶಿ ಸುಳ್ಳೇನು?"

"ಉಪವಾಸ ಖರೇನ ಇದ್ದೆ ಅತ್ಯಾ. ದೇವರ ಸಲುವಾಗಿ ಅಲ್ಲ, ಅಷ್ಟ."

"ನಾನೂ ಎಲ್ಲಾ ದೇವರ ಸಲುವಾಗಿ ಮಾಡಿಲ್ಲ ಬಿಡು," ಎಂದು ಗೋದಾಬಾಯಿ ಎದ್ದು ಒಳಗೆ ಹೋದರು.

ಔಷಧ ಶುರುವಾಯಿತು. ಸಂಶೋಧನಾಲಯದಲ್ಲಿ ಎಲ್ಲ ಬೊಟ್ಟುಗಳನ್ನೂ ತೆಗೆಯಬೇಕೆಂದು ತೀರ್ಮಾನವಾಯಿತು. ಕಾರಣ ಯಾರಿಗೂ ಗೊತ್ತಿರಲಿಲ್ಲ. ಕೊಪ್ಪದರು ಕೊಟ್ಟ ವಿವರಣೆಗಳನ್ನು ಅವರೇ ಮಾರನೆಯ ದಿನ ಹೊಡೆದು ಹಾಕುತ್ತಿದ್ದರು. ಹೆಂಗಸರು ಒಬ್ಬೊಬ್ಬರಾಗಿ ಬಂದರು. ಚರ್ಮದ ಒಂದು ಸಣ್ಣ ತುಣುಕು, ಒಂದೆರಡು ಹೊಲಿಗೆ. ಶಮೀಮ್ ಮಾತ್ರ ಒಪ್ಪಲಿಲ್ಲ.

"ಇಷ್ಟ ದಿನ ಎಲ್ಲಾರೂ ಇದನ್ನ ನೋಡಿ ನನ್ನ ತೀರ್ಮಾನ ಮಾಡಿದ್ರು," ಎಂದಳು. "ಇದರ ತೀರ್ಮಾನ ನಾ ಮಾಡ್ತೀನಿ. ಅವಸರ ಇಲ್ಲ."

ಬೊಟ್ಟುಗಳು ಕಡಿಮೆಯಾಗುತ್ತ ಹೋದಂತೆ ಮಂದಾಕಿನಿಯ ನೋವೂ ಕಡಿಮೆಯಾಯಿತು. ಔಷಧ ಹತ್ತುತ್ತಿದೆ ಎಂದು ಡಾಕ್ಟರರು ಹೇಳಿದರು. ತಾಯಿ ಸೀಸೆಗೆ ಬ್ಲೀಚು ಸುರಿದವಳು ಅವಳೇ. ನೀರು ಬೆಳ್ಳಗಾಗಿ ಕೋಶಗಳು ತಳಕ್ಕೆ ಬಿದ್ದಾಗ ಅವಳ ಹೊಟ್ಟೆಯಲ್ಲಿ ಒಂದು ಮೌನ ಇಳಿಯಿತು. ಅಂದಿನಿಂದ ನೋವಿಲ್ಲ. ಹಸಿವೂ ಇಲ್ಲ, ಹೊತ್ತು ನೋಡಿ ಉಣ್ಣುತ್ತಿದ್ದಳು. ಬಿಸಿ ಚಹಾ ಗಂಟಲಿನ ತನಕ ತಿಳಿಯುತ್ತಿತ್ತು, ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೋ ತಿಳಿಯುತ್ತಿರಲಿಲ್ಲ.

ಮತ್ತೆ ಕೆಮರಾ ಇಳಿಸಿ ನೋಡಿದ ಡಾಕ್ಟರು ಪರದೆಯನ್ನು ಅವಳ ಕಡೆ ತಿರುಗಿಸಿದರು. ಹುಣ್ಣುಗಳು ಹಾಗೆಯೇ ಇದ್ದವು. ಒಂದೆರಡು ಇನ್ನಷ್ಟು ಆಳವಾಗಿದ್ದವು.

"ನೋವು ಇಲ್ಲೇ ಇಲ್ಲ ಅಂತೀರೇನು?"

"ಇಲ್ರಿ."

ಡಾಕ್ಟರು ಪ್ರಲ್ಹಾದನ ಮುಖ ನೋಡಿದರು, ಪ್ರಲ್ಹಾದ ಡಾಕ್ಟರ ಮುಖ ನೋಡಿದ. ಅವಳು ಮತ್ತೆ ಮುಚ್ಚಿಡುತ್ತಿದ್ದಾಳೆ ಎಂದು ಇಬ್ಬರಿಗೂ ಅನಿಸಿತ್ತು.

*

ಶಮೀಮ್ ಮನೆಗೆ ಬಂದದ್ದು ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ. ಬಿಸಿಲಿನಲ್ಲಿ ನಡೆದು ಬಂದ ಮುಖ ಕೆಂಪಗಿತ್ತು. ಬಲಗೈಯಿಂದ ಎಡ ಮುಂಗೈಯನ್ನು ಒತ್ತಿ ಹಿಡಿದಿದ್ದಳು.

"ಅಕ್ಕಾರ, ನಿಮಗ ಹೆಂಗ ಐತ್ರಿ?"

"ನನಗೇನೂ ಇಲ್ಲ. ನಿನ್ನ ಹೊಟ್ಟೆ ಹೆಂಗದ?"

"ಹೊಟ್ಟಿ ಚಲೋ ಐತ್ರಿ. ಇದು..." ಅವಳು ಬಲಗೈ ತೆಗೆದಳು. ಬೊಟ್ಟು ಕಪ್ಪಿಗೆ ತಿರುಗಿದ ಕೆಂಪಾಗಿತ್ತು. "ಇದು ನೋಯಾಕತ್ತೈತಿ. ನೀವು ಆ ಸೀಸೆ ಚೆಲ್ಲಿದೆ ಅಂತ ಫೋನಿನಾಗ ಹೇಳಿದ್ರಲ್ಲ, ಅವತ್ತಿಂದ. ನಿನ್ನೆ ಹುಡುಗ್ರಿಗೆ ಮಗ್ಗಿ ಹೇಳಿಕೊಡಾಕತ್ತಿದ್ದೆ, ಬೋರ್ಡ್ ಹಿಡಕೊಂಡು ನಿಂತಬಿಟ್ಟೆ."

ಮಂದಾಕಿನಿ ಕುರ್ಚಿಯನ್ನು ಹತ್ತಿರ ಎಳೆದು ಕುಳಿತಳು. ಶಮೀಮಳ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು ಹೆಬ್ಬೆರಳಿನಿಂದ ಬೊಟ್ಟನ್ನು ಮೆಲ್ಲಗೆ ಒತ್ತಿದಳು. ಶಮೀಮಳ ಭುಜ ನಡುಗಿತು. ಮಂದಾಕಿನಿಯ ಒಳಗೆ ಏನೂ ಆಗಲಿಲ್ಲ.

"ಹೆಂಗ ನೋಯ್ತದ?"

"ಹೆಂಗ ಹೇಳ್ಲಿ?" ಶಮೀಮ್ ಕಣ್ಣು ಮುಚ್ಚಿದಳು. "ದೊಡ್ಡ ಸೀರಿ ಒಗದ ಮ್ಯಾಲೆ ಇಬ್ಬರು ಹೆಂಗಸರು ಎರಡೂ ಕಡೆ ಹಿಡದು ಹಿಂಡ್ತಾರಲ್ರಿ, ಹಂಗ. ಒಬ್ಬಾಕಿ ಈ ಕಡೆ ತಿರುವ್ತಾಳ, ಇನ್ನೊಬ್ಬಾಕಿ ಆ ಕಡೆ. ನೀರು ಮುಗದ ಮ್ಯಾಲೂ ಬಿಡಂಗಿಲ್ಲ. ಹಗುರಕ ಮಾತಾಡಿಕೋತ ಹಿಂಡ್ತಾನ ಇರ್ತಾರ."

ಮಂದಾಕಿನಿಯ ಬೆರಳು ನಿಂತಿತು. ಡಾಕ್ಟರರು ಒಂದರಿಂದ ಹತ್ತರೊಳಗೆ ಹೇಳಿ ಎನ್ನುತ್ತಿದ್ದರು, ಅವಳು ಒಂದು ಸಂಖ್ಯೆ ಹೇಳುತ್ತಿದ್ದಳು. ಪ್ರಲ್ಹಾದ ಎಷ್ಟನೇ ಸಲ ಎನ್ನುತ್ತಿದ್ದ, ಅದಕ್ಕೂ ಸಂಖ್ಯೆಯೇ ಉತ್ತರ. ಹೇಗೆ ಎಂದು ಯಾರೂ ಕೇಳಿರಲಿಲ್ಲ. ಚಿಕ್ಕವಳಿದ್ದಾಗ ಬಾವಿಯ ಕಟ್ಟೆಯ ಹತ್ತಿರ ಅವ್ವನೂ ಸೋದರತ್ತೆಯೂ ಒಂಬತ್ತುವಾರಿ ಸೀರೆ ಹಿಂಡುತ್ತ ಮನೆಯ ಮಾತಾಡುತ್ತಿದ್ದುದನ್ನು ಅವಳು ಪ್ರತಿ ನೋವಿನಲ್ಲೂ ಕಂಡಿದ್ದಳು. ಒಮ್ಮೆಯೂ, ಯಾರೊಂದಿಗೂ, ಆ ಮಾತನ್ನು ಆಡಿರಲಿಲ್ಲ.

"ಇದನ್ನ ತಗಸೋಣ, ಶಮೀಮ್."

"ತಗದ್ರ ಇದು ಎಲ್ಲಿ ಹೋಗ್ತೈತ್ರಿ?"

"ಗೊತ್ತಿಲ್ಲ."

"ನಿಮಗ ತಿರುಗಿ ಬರಲಿಲ್ಲ ಅಂದ್ರ? ಒಳಗ ಹರದು ಹೋದ್ರೂ ನಿಮಗ ತಿಳಿಯಂಗಿಲ್ಲ. ಯಾರಿಗೂ ತಿಳಿಯಂಗಿಲ್ಲ." ಶಮೀಮ್ ಕಣ್ಣು ತೆರೆದಳು. "ನಾ ತಡಕೋತೀನ್ರಿ. ಹಂಗೇನ ದಿನಾ ಇರಂಗಿಲ್ಲ. ಬಂದಾಗ ಫೋನ್ ಮಾಡ್ತೀನಿ."

"ಬ್ಯಾಡ. ಇದು ನನ್ನದು. ನೀ ಹೊರಬಾರದು." ಮಂದಾಕಿನಿ ಕೊಪ್ಪದರಿಗೆ ಫೋನು ಮಾಡಿ ಬೊಟ್ಟು ತೆಗೆಯಲು ಸೋಮವಾರ ಬೆಳಿಗ್ಗೆಗೆ ಗೊತ್ತು ಮಾಡಿದಳು. ಫೋನು ಕೆಳಗಿಟ್ಟ ಮೇಲೆ ಸ್ವಲ್ಪ ಹೊತ್ತು ತನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಕುಳಿತಳು. ಗೋಡೆಯ ಮೇಲೆ ಕೈ ಇಟ್ಟ ಹಾಗಿತ್ತು.

ಶಮೀಮಳ ಮುಂಗೈಯಲ್ಲಿ ಬೊಟ್ಟು ಮತ್ತೆ ಕಪ್ಪಾಗತೊಡಗಿತು. ಅವಳು ಹಲ್ಲು ಕಚ್ಚಿದಳು.

"ಒಳಗ ಒತ್ತಿ ಇಡಬ್ಯಾಡ," ಎಂದು ಮಂದಾಕಿನಿ ಇನ್ನೂ ಹತ್ತಿರಕ್ಕೆ ಬಾಗಿದಳು. "ಹೇಳು. ಎಲ್ಲಿಂದ ಶುರು ಆಗ್ತದ, ಯಾವ ಕಡೆ ಹೋಗ್ತದ, ಎಲ್ಲಾ ಹೇಳು."

ಶಮೀಮ್ ಮೊದಲಿನಿಂದ ಹೇಳತೊಡಗಿದಳು. ಮಂದಾಕಿನಿ ನಡುವೆ ಮಾತಾಡದೆ ಕೇಳಿಸಿಕೊಂಡಳು.